ಎತ್ತಿ ಕಟ್ಟಿದ ಫಿಲೇ ದೇವಾಲಯ ಅಸಲಿಯೇ? ಅಲ್ಲಿ ಏನನ್ನು ನೋಡಬೇಕು?

ಪ್ರಶ್ನೆ: ನಾವು ಮಂಡ್ಯ ಕಡೆಯವರು, ಈಗ ದುಬೈನಲ್ಲಿದ್ದೇವೆ. ಡಿಸೆಂಬರ್ ರಜೆಗೆ ಈಜಿಪ್ಟ್ ಪ್ರವಾಸ ಗೊತ್ತು ಮಾಡಿದ್ದೇವೆ, ಅಮ್ಮನೂ ಜೊತೆಗೆ ಬರುತ್ತಿದ್ದಾರೆ. ಅಸ್ವಾನ್‌ನಲ್ಲಿ ನಮಗಿರುವುದು ಒಂದೇ ದಿನ. ಅಲ್ಲಿನ ಫಿಲೇ ದ್ವೀಪದ ಐಸಿಸ್ ದೇವಿಯ ದೇವಾಲಯ ಮೂಲ ಜಾಗದಲ್ಲೇ ಇಲ್ಲ, 1970ರ ದಶಕದಲ್ಲಿ ಬಿಚ್ಚಿ ಪಕ್ಕದ ದ್ವೀಪದಲ್ಲಿ ಕಟ್ಟಿದ್ದು ಎಂದು ಓದಿದ ಮೇಲೆ ಮನೆಯಲ್ಲಿ ಚರ್ಚೆ ಶುರುವಾಗಿದೆ. ‘ಹಾಗಾದರೆ ಅದು ಸಿನಿಮಾ ಸೆಟ್ಟೇ ಸರಿ, ಬಿಟ್ಟುಬಿಡೋಣ’ ಎನ್ನುತ್ತಾರೆ ನಮ್ಮ ಯಜಮಾನರು. ‘ನಮ್ಮ ಕನ್ನಂಬಾಡಿ ದೇವಸ್ಥಾನವನ್ನೂ ಎತ್ತಿ ಕಟ್ಟಲಿಲ್ಲವೇ, ಅದೇನು ಸುಳ್ಳೇ?’ ಎನ್ನುತ್ತಾರೆ ಅಮ್ಮ. ಯಾರು ಸರಿ? ಹೋದರೆ ಏನನ್ನು ಗಮನಿಸಿ ನೋಡಬೇಕು? ಅಲ್ಲಿ ಪೂಜೆ ನಿಂತದ್ದು ಯಾವಾಗ, ಹೇಗೆ?

ಉತ್ತರ: ಹೋಗಿ. ಒಂದೇ ದಿನವಿದ್ದರೂ ಫಿಲೇಗೆ ಅರ್ಧ ದಿನ ಎತ್ತಿಡಿ. ಕಲ್ಲು ಅಸಲಿಯೇ ಎಂದು ಕೇಳಿದರೆ ಅಸಲಿ, ಅದರಲ್ಲಿ ಅನುಮಾನವೇ ಬೇಡ. ಫಿಲೇ ನಿಜವಾಗಿ ಕಳೆದುಕೊಂಡದ್ದು ತನ್ನ ಬಣ್ಣವನ್ನು ಮತ್ತು ಸುತ್ತಲಿನ ನೆಲದ ಜೊತೆಗಿದ್ದ ನಂಟನ್ನು. ಉಳಿಸಿಕೊಂಡದ್ದು ಮಾತ್ರ ಈಜಿಪ್ಟಿನ ಇನ್ನಾವ ದೇವಾಲಯದಲ್ಲೂ ಸಿಗದಂಥದ್ದು. ಮೂರು ಸಾವಿರ ವರ್ಷಕ್ಕೂ ಹೆಚ್ಚು ಕಾಲ ನಡೆದುಬಂದ ಒಂದು ಧರ್ಮದ ಕೊನೆಗಾಲವನ್ನು ಅದರ ಅರ್ಚಕರೇ ಕೈಯಾರೆ, ತಾರೀಖಿನ ಸಮೇತ, ಇಲ್ಲಿನ ಗೋಡೆಗಳ ಮೇಲೆ ಗೀರಿಟ್ಟು ಹೋಗಿದ್ದಾರೆ. ಪ್ರವಾಸಿಗರು ಪೈಲಾನಿನ, ಅಂದರೆ ಗೋಪುರದಂಥ ಹೆಬ್ಬಾಗಿಲ ಗೋಡೆಯ, ದೊಡ್ಡ ಚಿತ್ರಗಳ ಮುಂದೆ ಫೋಟೊ ತೆಗೆಸಿಕೊಂಡು ದೋಣಿ ಹತ್ತಿಬಿಡುತ್ತಾರೆ. ಅಲ್ಲಿ ನೋಡಬೇಕಾದದ್ದು ಸಣ್ಣ ಗೀರುಗಳನ್ನು.

ಮೊದಲು ಸ್ಥಳಾಂತರದ ವಿಷಯ ಮುಗಿಸೋಣ, ಮನೆಯ ಜಗಳ ಅಲ್ಲೇ ಇದೆಯಲ್ಲ.

ಫಿಲೇ ಅಸ್ವಾನಿನ ದಕ್ಷಿಣಕ್ಕೆ, ನೈಲ್ ನದಿಯ ಮೊದಲ ಜಲಪಾತದ ಬಂಡೆಗಳ ನಡುವೆ ಇದ್ದ ಪುಟ್ಟ ದ್ವೀಪ. ಜಲಪಾತ ಎಂದರೆ ಜೋಗದಂತೆ ಧುಮುಕುವ ನೀರಲ್ಲ. ಗ್ರಾನೈಟ್ ಬಂಡೆಗಳ ಸಂದಿಯಲ್ಲಿ ನದಿ ಸೀಳಿಕೊಂಡು ಹರಿಯುವ, ದೋಣಿ ಸಾಗಿಸುವುದು ಕಷ್ಟವಾದ ಜಾಗ. ಹಳೆಯ ಈಜಿಪ್ಟಿನ ದಕ್ಷಿಣದ ಗಡಿ ಇದು. ಆಚೆಗೆ ನ್ಯೂಬಿಯಾ. ಬ್ರಿಟಿಷರು 1898ರಿಂದ 1902ರ ನಡುವೆ ಈ ದ್ವೀಪಕ್ಕೂ ಕೆಳಗೆ ಒಂದು ಅಣೆಕಟ್ಟು ಕಟ್ಟಿದರು. ಹತ್ತಿ ಬೆಳೆಗೆ ವರ್ಷವಿಡೀ ನೀರು ಬೇಕಿತ್ತು. ಮುಂಗಡವಾಗಿಯೇ ದೇವಾಲಯದ ಅಡಿಪಾಯವನ್ನು ಗಟ್ಟಿಮಾಡಿದರು, ಆಮೇಲೆ ನೀರು ನಿಲ್ಲಿಸಿದರು. ಅಣೆಕಟ್ಟನ್ನು 1912ರ ಹೊತ್ತಿಗೆ ಒಮ್ಮೆ, 1933ರ ಹೊತ್ತಿಗೆ ಇನ್ನೊಮ್ಮೆ ಎತ್ತರಿಸಿದರು. ಪ್ರವಾಹದ ತಿಂಗಳುಗಳಲ್ಲಿ ಹೂಳು ನಿಲ್ಲದಿರಲೆಂದು ತೂಬುಗಳನ್ನು ತೆರೆದಿಡುತ್ತಿದ್ದರು. ಆಗ ಮಾತ್ರ ದೇವಾಲಯ ನೀರಿನಿಂದ ಮೇಲೇಳುತ್ತಿತ್ತು, ಉಳಿದ ತಿಂಗಳುಗಳಲ್ಲಿ ಮುಳುಗಡೆ. ಚಳಿಗಾಲದಲ್ಲಿ ಬಂದ ಯುರೋಪಿನ ಪ್ರವಾಸಿಗರು ಕಂಬಗಳ ನಡುವೆ ದೋಣಿಯಲ್ಲಿ ಸುತ್ತಾಡಿ ‘ಎಂಥ ಸೊಗಸು’ ಎಂದು ಬರೆದಿಟ್ಟಿದ್ದಾರೆ.

ಬಣ್ಣ ಹೋದದ್ದು ಆಗ. 1838ರಲ್ಲಿ ಇಲ್ಲಿಗೆ ಬಂದಿದ್ದ ಸ್ಕಾಟ್ಲೆಂಡಿನ ಚಿತ್ರಕಾರ ಡೇವಿಡ್ ರಾಬರ್ಟ್ಸ್ ಬರೆದ ಒಳಾಂಗಣದ ಚಿತ್ರದಲ್ಲಿ ಕಂಬದ ಬೋದಿಗೆಗಳೆಲ್ಲ ಹಸಿರು, ನೀಲಿ, ಕೆಂಪು. ಇಂದು ಅದೇ ಕಂಬಗಳ ಕೆಳಗೆ ನಿಂತರೆ ಕಾಣುವುದು ಬೂದು ಮಿಶ್ರಿತ ಮರಳುಗಲ್ಲಿನ ಬಣ್ಣ ಮಾತ್ರ. ಗೋಡೆಗಳ ಮೇಲೆ ಅಡ್ಡಲಾಗಿ ಹಾದುಹೋಗಿರುವ ಒಂದು ಕಪ್ಪು ಕಲೆಯನ್ನು ಗಮನಿಸಿ. ಅದು ನೀರು ನಿಂತಿದ್ದ ಗುರುತು.

1960ರಲ್ಲಿ ಇನ್ನೂ ದಕ್ಷಿಣಕ್ಕೆ ಹೊಸ ಮಹಾ ಅಣೆಕಟ್ಟಿನ ಕೆಲಸ ಶುರುವಾಯಿತು. ಬಂಡೆಯಲ್ಲಿ ಕೊರೆದ ಅಬು ಸಿಂಬೆಲ್ ದೇವಾಲಯ ಆ ಅಣೆಕಟ್ಟಿನ ಹಿನ್ನೀರಿನಲ್ಲಿ ಪೂರ್ತಿ ಮುಳುಗುವುದಿತ್ತು. ಫಿಲೇಯ ಕಷ್ಟ ಬೇರೆ ಬಗೆಯದು: ಅದು ಎರಡು ಅಣೆಕಟ್ಟುಗಳ ನಡುವೆ ಸಿಕ್ಕಿಬಿದ್ದಿತು. ಇನ್ನು ವರ್ಷಕ್ಕೊಮ್ಮೆ ಮುಳುಗಿ ಏಳುವ ಮಾತಿಲ್ಲ. ಕಂಬಗಳು ಸದಾ ಅರ್ಧ ನೀರಿನಲ್ಲಿ, ಅದೂ ಮೇಲಿನಿಂದ ನೀರು ಬಿಟ್ಟಂತೆಲ್ಲ ದಿನದಿನವೂ ಏರಿಳಿಯುವ ನೀರಿನಲ್ಲಿ. ಮರಳುಗಲ್ಲಿಗೆ ಇದಕ್ಕಿಂತ ಕೆಟ್ಟದ್ದಿಲ್ಲ. ಸುಮ್ಮನೆ ಮುಳುಗಿದ್ದರೆ ತಡೆದುಕೊಂಡೀತು, ಒದ್ದೆಯಾಗಿ ಒಣಗಿ ಮತ್ತೆ ಒದ್ದೆಯಾಗುತ್ತಿದ್ದರೆ ಪದರ ಪದರವಾಗಿ ಉದುರುತ್ತದೆ.

ನ್ಯೂಬಿಯಾದ ಸ್ಮಾರಕಗಳನ್ನು ಉಳಿಸಲು ಯುನೆಸ್ಕೊ 1960ರ ಮಾರ್ಚ್‌ನಲ್ಲಿ ಕರೆ ಕೊಟ್ಟಿತು. ಹಲವು ದೇಶಗಳು ತಂಡ ಕಳಿಸಿದವು. ನಮ್ಮ ಪುರಾತತ್ವ ಸರ್ವೇಕ್ಷಣ ಇಲಾಖೆಯೂ ಬಿ.ಬಿ. ಲಾಲ್ ನೇತೃತ್ವದಲ್ಲಿ ಹೋಗಿ ಮುಳುಗಲಿದ್ದ ನೆಲದಲ್ಲಿ, ಅಫಿಯೆ ಎಂಬಲ್ಲಿ, ಉತ್ಖನನ ನಡೆಸಿತು. ನಮ್ಮಲ್ಲಿ ಇದನ್ನು ನೆನೆಯುವವರು ಕಡಿಮೆ. ಫಿಲೇಯ ಸರದಿ ಬಂದದ್ದು ಕೊನೆಗೆ. 1972ರಿಂದ ದ್ವೀಪದ ಸುತ್ತ ಉಕ್ಕಿನ ಹಲಗೆಗಳನ್ನು ಎರಡು ಸಾಲಾಗಿ ನದಿತಳಕ್ಕೆ ಹೊಡೆದು, ನಡುವೆ ಮರಳು ತುಂಬಿ, ಒಳಗಿನ ನೀರನ್ನು ಪಂಪು ಮಾಡಿ ಹೊರಹಾಕಿದರು. ಕೆಸರು ತೊಳೆದು, ಅಳತೆ ತೆಗೆದು, ಗುರುತು ಹಾಕಿ ಸುಮಾರು 40 ಸಾವಿರ ಕಲ್ಲುಗಳನ್ನು ಬಿಚ್ಚಿದರು. ಕೆಲವೇ ನೂರು ಮೀಟರ್ ದೂರದಲ್ಲಿದ್ದ, ಇನ್ನಷ್ಟು ಎತ್ತರದ ಅಗಿಲ್ಕಿಯಾ ದ್ವೀಪದ ಗ್ರಾನೈಟ್ ನೆತ್ತಿಯನ್ನು ಸಿಡಿಸಿ ಸಮ ಮಾಡಿ, ಅದರ ಅಂಚನ್ನೂ ಹಳೆಯ ದ್ವೀಪದ ಆಕಾರಕ್ಕೆ ಹೋಲುವಂತೆ ತಿದ್ದಿ, ಕಟ್ಟಡಗಳನ್ನು ಮೊದಲಿದ್ದ ಕ್ರಮದಲ್ಲೇ ಎಬ್ಬಿಸಿದರು. ಉಕ್ಕಿನ ಗೋಡೆಯ ಹೊರಗೆ ಉಳಿದುಬಿಟ್ಟ ಕಲ್ಲುಗಳನ್ನು ಈಜಿಪ್ಟ್ ಮತ್ತು ಬ್ರಿಟನ್ನಿನ ನೌಕಾಪಡೆಯ ಮುಳುಗುಗಾರರು ಕೆಸರಿನಲ್ಲಿ ತಡಕಿ ಎತ್ತಿದರು. 1980ರ ಮಾರ್ಚ್ 10ರಂದು ದೇವಾಲಯ ಮತ್ತೆ ತೆರೆಯಿತು.

ಹಾಗಾದರೆ ಸೆಟ್ ಎನ್ನುವುದು ಹೇಗೆ? ನಿಮ್ಮ ಯಜಮಾನರಿಗೆ ಇನ್ನೂ ಒಂದು ವಿಷಯ ಹೇಳಿ. ಕಲ್ಲು ಬಿಚ್ಚುತ್ತಾ ಹೋದಾಗ ಒಳಗಿನಿಂದ ಇನ್ನೂ ಹಳೆಯ ಗುಡಿಯ ಕಲ್ಲುಗಳು ಹೊರಬಂದವು. ಕ್ರಿ.ಪೂ. 6ನೇ ಶತಮಾನದಲ್ಲಿ ಅಮಾಸಿಸ್ ಎಂಬ ರಾಜ ಕಟ್ಟಿಸಿದ್ದ ಸಣ್ಣ ಐಸಿಸ್ ಗುಡಿಯನ್ನು ಮುಂದಿನವರು ಬಿಚ್ಚಿ ತಮ್ಮ ಕಟ್ಟಡಕ್ಕೆ ತುಂಬಿಸಿಕೊಂಡಿದ್ದರು. ದೋಣಿ ಇಳಿದೊಡನೆ ಸಿಗುವ ನೆಕ್ಟನೆಬೊ ರಾಜನ ಮಂಟಪವನ್ನೂ ಪ್ರಾಚೀನ ಕಾಲದಲ್ಲೇ ಅದೇ ದ್ವೀಪದ ಇನ್ನೊಂದೆಡೆಯಿಂದ ಕದಲಿಸಿ ಅಲ್ಲಿಗೆ ತಂದದ್ದು ಎಂದು ಪುರಾತತ್ವಜ್ಞರು ಹೇಳುತ್ತಾರೆ. ಫಿಲೇಯ ಕಲ್ಲುಗಳಿಗೆ ಜಾಗ ಬಿಡುವುದು ಹೊಸತಲ್ಲ. ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ದೇವಾಲಯವನ್ನು ಕೆ.ಆರ್.ಎಸ್. ಹಿನ್ನೀರಿನಿಂದ ಎತ್ತಿ ದಡಕ್ಕೆ ತಂದ ಉದಾಹರಣೆ ಕೊಟ್ಟ ನಿಮ್ಮ ತಾಯಿಯವರು ಕಲ್ಲಿನ ಮಟ್ಟಿಗೆ ಪೂರ್ತಿ ಸರಿ. ಒಂದು ವ್ಯತ್ಯಾಸವಿದೆ: ಅಲ್ಲಿ ಪೂಜೆ ನಡೆಯುತ್ತದೆ, ಇಲ್ಲಿ ನಿಂತು ಸಾವಿರದ ನಾನೂರು ವರ್ಷಗಳ ಮೇಲಾಯಿತು.

ಸ್ಥಳಾಂತರ ಎಂದಾಗ ಇನ್ನೊಂದನ್ನೂ ಹೇಳಲೇಬೇಕು. ಫಿಲೇಯ ಕಲ್ಲುಗಳಿಗೆ ಒಂದೊಂದಕ್ಕೂ ಗುರುತು ಹಾಕಿ ಇಟ್ಟಲ್ಲೇ ಇಟ್ಟರು. ಅಸ್ವಾನಿನ ಅದೇ ಮಹಾ ಅಣೆಕಟ್ಟಿಗಾಗಿ 1963-64ರಲ್ಲಿ ಈಜಿಪ್ಟ್ ಭಾಗದ ಸುಮಾರು 50 ಸಾವಿರ ನ್ಯೂಬಿಯನ್ನರನ್ನು ಊರುಮನೆ ಬಿಡಿಸಿ ಕೋಂ ಓಂಬೊ ಬಳಿಯ ಹೊಸ ವಸತಿಗಳಿಗೆ ಸಾಗಿಸಿದರು. ಅವರ ಊರುಗಳಿಗೆ ಆ ಬಗೆಯ ಮರುನಿರ್ಮಾಣದ ಭಾಗ್ಯ ಸಿಗಲಿಲ್ಲ. ನಿಮ್ಮನ್ನು ಫಿಲೇಗೆ ಕರೆದೊಯ್ಯುವ ದೋಣಿಯವರಲ್ಲಿ ಬಹುತೇಕರು ನ್ಯೂಬಿಯನ್ನರೇ.

ಈಗ ದೇವಾಲಯಕ್ಕೆ ಬರೋಣ. ಇಲ್ಲಿ ಇಂದು ನಿಂತಿರುವುದರಲ್ಲಿ ಬಹುಪಾಲು ‘ಪಿರಮಿಡ್ ಕಾಲದ್ದಲ್ಲ’ ಎಂಬುದನ್ನು ಮಕ್ಕಳಿಗೆ ಮೊದಲೇ ಹೇಳಿಬಿಡಿ. ಗೀಜಾದ ಪಿರಮಿಡ್ಡುಗಳಿಗೂ ಫಿಲೇಯ ಮುಖ್ಯ ಗುಡಿಗೂ ನಡುವೆ ಎರಡು ಸಾವಿರ ವರ್ಷಕ್ಕೂ ಹೆಚ್ಚು ಅಂತರ. ನೆಕ್ಟನೆಬೊ ಮಂಟಪ ಕ್ರಿ.ಪೂ. 4ನೇ ಶತಮಾನದ್ದು. ಮುಖ್ಯ ಗುಡಿಯನ್ನು ಶುರುಮಾಡಿದವನು ಎರಡನೇ ಟಾಲೆಮಿ, ಕ್ರಿ.ಪೂ. 3ನೇ ಶತಮಾನದಲ್ಲಿ. ಟಾಲೆಮಿಗಳು ಅಲೆಗ್ಸಾಂಡರನ ಸೇನಾಪತಿಯ ವಂಶದವರು, ಮಾತು ಗ್ರೀಕ್, ರಾಜಧಾನಿ ಸಮುದ್ರತೀರದ ಅಲೆಗ್ಸಾಂಡ್ರಿಯಾ. ಆದರೆ ಗೋಡೆಯ ಮೇಲೆ ಅವರು ಅಪ್ಪಟ ಫೇರೋಗಳು: ಅದೇ ಕಿರೀಟ, ಅದೇ ಪಂಚೆ, ಅದೇ ನಿಲುವು. ಅವರ ನಂತರ ರೋಮನ್ ಚಕ್ರವರ್ತಿಗಳು ಅಗಸ್ಟಸ್, ಟೈಬೀರಿಯಸ್, ಟ್ರೇಜನ್, ಹೇಡ್ರಿಯನ್ ಸರದಿಯಂತೆ ಸೇರಿಸುತ್ತಾ ಹೋದರು. ರಾಜಕಾರಣ ಸರಳ. ಗಡಿನಾಡಿನ ಜನ, ಆಚೆಯ ನ್ಯೂಬಿಯನ್ನರು, ಎಲ್ಲರೂ ನಡೆದುಕೊಳ್ಳುತ್ತಿದ್ದ ದೇವಿ ಐಸಿಸ್. ಆಕೆಗೆ ಕಲ್ಲು ಹೊರಿಸಿದವನಿಗೆ ಗಡಿಯಲ್ಲಿ ಮರ್ಯಾದೆ.

ದಕ್ಷಿಣದ ತುದಿಯಿಂದ ಮೊದಲ ಪೈಲಾನಿನ ಕಡೆಗೆ ನಡೆಯುವಾಗ ಎಡಬಲಕ್ಕೆ ಕಂಬದ ಸಾಲುಗಳಿವೆ. ಎರಡೂ ಸಮಾನಾಂತರವಾಗಿಲ್ಲ, ದಾರಿಯೂ ಪೈಲಾನಿಗೆ ನೇರವಾಗಿಲ್ಲ. ಬಿಚ್ಚಿ ಕಟ್ಟಿದವರ ತಪ್ಪೇನೋ ಎನಿಸಬಹುದು. ಅಲ್ಲ, ಮೂಲದಲ್ಲೇ ಹೀಗಿತ್ತು. ಮೊದಲೇ ಯೋಜನೆ ಹಾಕಿ ಕಟ್ಟಿದ್ದಲ್ಲ ಇದು; ಬಂಡೆ ಎಲ್ಲಿ ಜಾಗ ಕೊಟ್ಟಿತೋ ಅಲ್ಲಿ ಶತಮಾನಕ್ಕೊಬ್ಬರು ಸೇರಿಸಿದ್ದು. ಬಲಗಡೆಯ ಪೂರ್ವದ ಸಾಲನ್ನು ಹತ್ತಿರದಿಂದ ನೋಡಿ. ಕೆಲವು ಬೋದಿಗೆಗಳಲ್ಲಿ ಪಪೈರಸ್ಸು, ತಾಳೆ ಗರಿ ಪೂರ್ತಿ ಬಿಡಿಸಿದ್ದಾರೆ, ಪಕ್ಕದವು ಬರೀ ಒರಟು ಉಂಡೆ. ಕಲ್ಲನ್ನು ಮೊದಲು ಕಂಬದ ಮೇಲೆ ಕೂರಿಸಿ, ಆಮೇಲೆ ಏಣಿ ಹಾಕಿಕೊಂಡು ಮೇಲೆಯೇ ಕೆತ್ತುತ್ತಿದ್ದರು ಎಂಬುದು ಇದರಿಂದ ತಿಳಿಯುತ್ತದೆ. ಕೆಲಸ ಅರ್ಧಕ್ಕೆ ನಿಂತಿತು, ನಿಂತದ್ದು ನಿಂತಂತೆಯೇ ಉಳಿಯಿತು.

ಮೊದಲ ಪೈಲಾನ್ ಸುಮಾರು 18 ಮೀಟರ್ ಎತ್ತರ, 45 ಮೀಟರ್ ಅಗಲ. ಮೇಲಿರುವ ಬೃಹತ್ ಚಿತ್ರ ಹನ್ನೆರಡನೇ ಟಾಲೆಮಿಯದು. ಪ್ರಸಿದ್ಧ ಕ್ಲಿಯೋಪಾತ್ರಾಳ ತಂದೆ. ಶತ್ರುಗಳ ಜುಟ್ಟು ಹಿಡಿದು ಗದೆ ಎತ್ತಿದ್ದಾನೆ. ನಿಜಜೀವನದಲ್ಲಿ ಈತ ರೋಮನ್ನರಿಗೆ ಲಂಚ ತೆತ್ತು ಸಿಂಹಾಸನ ಉಳಿಸಿಕೊಂಡವನು. ಗೋಡೆಯ ಮೇಲಿನ ಶೌರ್ಯ ಸಂಪ್ರದಾಯದ್ದು. ಬಾಗಿಲ ಒಳಮೈಯಲ್ಲಿ ನೆಪೋಲಿಯನ್ನನ ಸೈನಿಕರು 1799ರಲ್ಲಿ ಫ್ರೆಂಚ್ ಭಾಷೆಯಲ್ಲಿ ಕೆತ್ತಿಸಿದ ಶಾಸನವೂ ಇದೆ, ಪಿರಮಿಡ್ ಯುದ್ಧದಲ್ಲಿ ಗೆದ್ದು ಇಲ್ಲಿಯವರೆಗೆ ಬೆನ್ನಟ್ಟಿ ಬಂದೆವೆಂದು. ದಂಡೆತ್ತಿ ಬಂದ ಯಾರಿಗೂ ಈ ಗೋಡೆಗಳ ಮೇಲೆ ಕೈ ಆಡಿಸದೆ ಹೋಗಲು ಮನಸ್ಸಾಗಿಲ್ಲ.

ಪೈಲಾನಿನ ಮುಂದೆ ಎರಡು ಒಬೆಲಿಸ್ಕ್‌ಗಳಿದ್ದವು, ಅಂದರೆ ಚೂಪು ತುದಿಯ ಒಂಟಿಕಲ್ಲಿನ ಕಂಬಗಳು. ಈಗ ಇಲ್ಲ. ಒಂದನ್ನು ವಿಲಿಯಂ ಬ್ಯಾಂಕ್ಸ್ ಎಂಬ ಆಂಗ್ಲ ಶ್ರೀಮಂತ ಇಂಗ್ಲೆಂಡಿಗೆ ಸಾಗಿಸಿ ತನ್ನ ಬಂಗಲೆಯ ತೋಟದಲ್ಲಿ ನಿಲ್ಲಿಸಿದ, ಅದು ಇಂದಿಗೂ ಡಾರ್ಸೆಟ್‌ನ ಕಿಂಗ್ಸ್‌ಟನ್ ಲೇಸಿಯಲ್ಲಿದೆ. ಕಳವು ಎನ್ನಿ, ಸಂಗ್ರಹ ಎನ್ನಿ, ಅದರಿಂದ ಒಂದು ಉಪಕಾರವೂ ಆಯಿತು. ಪೀಠದ ಗ್ರೀಕ್ ಬರಹದಲ್ಲಿ ಟಾಲೆಮಿ ಮತ್ತು ಕ್ಲಿಯೋಪಾತ್ರಾ (ಇವಳು ಬೇರೆ, ಹಿಂದಿನ ರಾಣಿ) ಹೆಸರುಗಳಿದ್ದವು. ಕಂಬದ ಚಿತ್ರಲಿಪಿಯಲ್ಲೂ ರಾಜರ ಹೆಸರಿನ ಉಂಗುರಗಳಿದ್ದವು. ಎರಡನ್ನೂ ಹೋಲಿಸಿ ಅಕ್ಷರಗಳನ್ನು ಗುರುತಿಸುವುದು 1822ರಲ್ಲಿ ಫ್ರೆಂಚ್ ವಿದ್ವಾಂಸ ಶಾಂಪೋಲಿಯೊನ್‌ಗೆ ಚಿತ್ರಲಿಪಿ ಬಿಡಿಸುವ ಹಾದಿಯಲ್ಲಿ ದೊಡ್ಡ ಮೆಟ್ಟಿಲಾಯಿತು. 2014ರಲ್ಲಿ ಧೂಮಕೇತುವಿನ ಮೇಲೆ ಇಳಿದ ಯುರೋಪಿನ ಪುಟ್ಟ ಲ್ಯಾಂಡರ್‌ಗೆ ‘ಫಿಲೇ’ ಎಂದು ಹೆಸರಿಟ್ಟದ್ದು ಇದೇ ಒಬೆಲಿಸ್ಕ್ ನೆನಪಿಗೆ. ಮಕ್ಕಳಿಗೆ ಇದು ಇಷ್ಟವಾದೀತು.

ಒಳ ಅಂಗಳದ ಎಡಗಡೆ ‘ಜನ್ಮಗೃಹ’. ಐಸಿಸ್ ಮಗ ಹೋರಸನನ್ನು ಹೆತ್ತದ್ದರ ಹಬ್ಬ ನಡೆಯುತ್ತಿದ್ದ ಕಟ್ಟಡ. ಜೊಂಡಿನ ಪೊದೆಯಲ್ಲಿ ಅಡಗಿ ಕುಳಿತು ಕೂಸಿಗೆ ಹಾಲೂಡಿಸುವ ತಾಯಿಯ ಚಿತ್ರ ಇಲ್ಲಿದೆ. ಕಥೆ ನಿಮಗೆ ಗೊತ್ತಿರಬಹುದು: ಒಸಿರಿಸ್‌ನನ್ನು ತಮ್ಮ ಸೆತ್ ಕೊಂದು ತುಂಡು ಮಾಡಿ ಚೆಲ್ಲುತ್ತಾನೆ, ಹೆಂಡತಿ ಐಸಿಸ್ ಊರೂರು ಅಲೆದು ತುಂಡುಗಳನ್ನು ಕೂಡಿಸಿ ಜೀವ ತುಂಬುತ್ತಾಳೆ, ಹುಟ್ಟಿದ ಮಗನನ್ನು ಬಚ್ಚಿಟ್ಟು ಬೆಳೆಸುತ್ತಾಳೆ. ರೋಮನ್ನರ ಕಾಲದಲ್ಲಿ ಈ ದೇವಿಯ ಭಕ್ತರು ಬ್ರಿಟನ್ನಿನವರೆಗೂ ಹಬ್ಬಿದ್ದರು. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ ಒಂದು ಗ್ರೀಕ್ ಸ್ತೋತ್ರ ನೈಲ್ ನದಿಯ ಜೊತೆಗೆ ಭಾರತದ ಗಂಗೆಯನ್ನೂ ಐಸಿಸ್‌ಳ ಆಳ್ವಿಕೆಗೆ ಸೇರಿಸಿ ಹಾಡುತ್ತದೆ. ಕನ್ನಡದ ಮಾತುಗಳಿವೆಯೇ ಎಂದು ನಮ್ಮ ವಿದ್ವಾಂಸರು ಶತಮಾನದಿಂದ ವಾದ ಮಾಡುತ್ತಿರುವ ಆ ಗ್ರೀಕ್ ಪ್ರಹಸನ ಸಿಕ್ಕಿದ್ದೂ ಅದೇ ಊರಿನ ಕಸದ ದಿಬ್ಬಗಳಲ್ಲಿ.

ಎರಡನೇ ಪೈಲಾನಿನ ಬಲ ಬುಡದಲ್ಲಿ ಒಂದು ದೊಡ್ಡ ಗ್ರಾನೈಟ್ ಬಂಡೆ ಗೋಡೆಯೊಳಕ್ಕೆ ಸೇರಿಕೊಂಡಿದೆ. ಅದನ್ನು ಒಡೆಯದೆ, ನಯ ಮಾಡಿ, ಮೇಲೆ ಶಾಸನ ಬರೆಸಿದ್ದಾರೆ: ಆರನೇ ಟಾಲೆಮಿ ಗಡಿಯಾಚೆಯ ನ್ಯೂಬಿಯಾದ ನೆಲದ ಆದಾಯವನ್ನು ಐಸಿಸ್‌ಗೆ ಬಿಟ್ಟುಕೊಟ್ಟ ದತ್ತಿ ಶಾಸನ. ದತ್ತಿ ಶಾಸನಗಳ ನಾಡಿನಿಂದ ಹೋದ ನಿಮಗೆ ಇದರ ಮುಂದೆ ನಿಲ್ಲಬೇಕೆನಿಸುತ್ತದೆ.

ಒಳಗೆ ಹತ್ತು ಕಂಬಗಳ ಮೊಗಸಾಲೆ, ಆಮೇಲೆ ಕಿರಿದಾಗುತ್ತಾ ಕತ್ತಲಾಗುತ್ತಾ ಹೋಗುವ ಕೋಣೆಗಳು, ಕೊನೆಗೆ ಗರ್ಭಗುಡಿ. ಸಾಮಾನ್ಯ ಜನರಿಗೆ ಹೊರ ಅಂಗಳದವರೆಗೆ ಮಾತ್ರ ಪ್ರವೇಶ. ಬೆಳಗಾದರೆ ತಲೆಬೋಳಿಸಿ ಮಿಂದು ಬಂದ ಅರ್ಚಕ ಬಾಗಿಲ ಮುದ್ರೆ ಒಡೆದು, ಮೂರ್ತಿಗೆ ಧೂಪ ಹಾಕಿ, ಎಣ್ಣೆ ಸವರಿ, ಬಟ್ಟೆ ಉಡಿಸಿ, ಎಡೆ ಇಟ್ಟು, ಹಿಂದೆ ಹಿಂದೆ ಹೆಜ್ಜೆ ಇಡುತ್ತಾ ತನ್ನ ಹೆಜ್ಜೆಗುರುತು ಗುಡಿಸಿಕೊಂಡು ಹೊರಬರಬೇಕು. ನಿಮ್ಮ ತಾಯಿಯವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಕಲ್ಲಿನ ದೇವಪೆಟ್ಟಿಗೆಗಳು ಈಗ ಯುರೋಪಿನ ಮ್ಯೂಸಿಯಂಗಳಲ್ಲಿವೆ. ಉಳಿದಿರುವುದು ಐಸಿಸ್‌ಳ ಉತ್ಸವದ ದೋಣಿಯನ್ನು ಇಡುತ್ತಿದ್ದ ಪೀಠ. ಮೂರನೇ ಟಾಲೆಮಿ ಮತ್ತು ರಾಣಿ ಬೆರೆನಿಸ್ ಹೆಸರು ಅದರ ಮೇಲಿದೆ.

ಬಹಳ ಗೈಡ್‌ಗಳು ಇಲ್ಲಿಂದ ನಿಮ್ಮನ್ನು ಹೊರಗೆ ಟ್ರೇಜನ್ ಮಂಟಪಕ್ಕೆ ಒಯ್ದು, ಹದಿನಾಲ್ಕು ಕಂಬಗಳ ಮುಂದೆ ಫೋಟೊ ತೆಗೆದು ಮುಗಿಸಿಬಿಡುತ್ತಾರೆ. ತಡೆದು, ಪಶ್ಚಿಮದ ಅಂಚಿನಲ್ಲಿರುವ ಹೇಡ್ರಿಯನ್ ಬಾಗಿಲಿಗೆ ಕರೆದೊಯ್ಯಲು ಹೇಳಿ. ನನ್ನ ಮಟ್ಟಿಗೆ ಇಡೀ ದ್ವೀಪದಲ್ಲಿ ಇದೇ ಮುಖ್ಯ.

ಮೊದಲು ಅಲ್ಲಿನ ಒಂದು ಚಿತ್ರ. ಬಂಡೆಗಳ ರಾಶಿ, ಅದರ ತುದಿಯಲ್ಲಿ ರಣಹದ್ದು ಮತ್ತು ಗಿಡುಗ. ಬಂಡೆಯ ಕೆಳಗೆ ಒಂದು ಗವಿ, ಗವಿಯನ್ನು ಸುತ್ತಿಕೊಂಡ ಹಾವು. ಹಾವಿನ ಸುತ್ತಿನೊಳಗೆ ನೈಲ್ ದೇವತೆ ಹಾಪಿ ಮಂಡಿಯೂರಿ ಎರಡು ಪಾತ್ರೆಗಳಿಂದ ನೀರು ಸುರಿಯುತ್ತಿದ್ದಾನೆ. ವರ್ಷದ ನೆರೆ ಇಲ್ಲಿಂದಲೇ, ಎದುರಿನ ಬಿಗೆ ದ್ವೀಪದ ಬುಡದ ಗವಿಯಿಂದಲೇ ಹುಟ್ಟುತ್ತದೆ ಎಂದು ಅವರ ನಂಬಿಕೆ. ಬಿಗೆ ಒಸಿರಿಸ್‌ನ ಸಮಾಧಿಯ ನೆಲ. ಅಲ್ಲಿ 365 ನೈವೇದ್ಯ ಪೀಠಗಳಿದ್ದು ದಿನವೂ ಹಾಲೆರೆಯಬೇಕು, ಅಲ್ಲಿ ಗಟ್ಟಿಯಾಗಿ ಮಾತನಾಡಬಾರದು, ವಾದ್ಯ ನುಡಿಸಬಾರದು ಎಂಬ ಕಟ್ಟಳೆಗಳು ಈ ಬಾಗಿಲ ಗೋಡೆಯ ಮೇಲೇ ಬರೆದಿವೆ. ಹತ್ತು ದಿನಕ್ಕೊಮ್ಮೆ ಐಸಿಸ್‌ಳ ಮೂರ್ತಿ ದೋಣಿ ಏರಿ ಗಂಡನ ಸಮಾಧಿಗೆ ಹಾಲೆರೆಯಲು ಈ ಬಾಗಿಲಿನಿಂದಲೇ ಹೊರಡುತ್ತಿತ್ತು. ಮೂಲ ಫಿಲೇಯಲ್ಲಿ ಬಾಗಿಲು ತೆರೆದರೆ ಎದುರಿಗೆ, ಸಣ್ಣ ಕವಲಿನಾಚೆ, ಬಿಗೆ. ಅಗಿಲ್ಕಿಯಾದಲ್ಲಿ ಆ ಎದುರುಬದಿರು ಇಲ್ಲ. ಸ್ಥಳಾಂತರದಿಂದ ಆದ ನಷ್ಟ ಏನು ಎಂದು ನಿಮ್ಮ ಯಜಮಾನರು ಕೇಳಿದರೆ ತೋರಿಸಬೇಕಾದದ್ದು ಇದನ್ನು. ಕಲ್ಲು ಬಂತು, ಕಲ್ಲಿಗೆ ಅರ್ಥ ಕೊಟ್ಟಿದ್ದ ಎದುರಿನ ದ್ವೀಪ ಬರಲಿಲ್ಲ.

ಅದೇ ಬಾಗಿಲಲ್ಲಿ ಮಂಡುಲಿಸ್ ಎಂಬ ನ್ಯೂಬಿಯಾದ ದೇವರ ಆಕೃತಿಯಿದೆ. ಪಕ್ಕದಲ್ಲಿ ತೆಳ್ಳಗೆ ಗೀರಿದ ಕೆಲವು ಸಾಲು. ಅಂದವಿಲ್ಲ, ಅಕ್ಷರಗಳು ತಡವರಿಸುತ್ತವೆ. ಐಸಿಸ್‌ಳ ಎರಡನೇ ಅರ್ಚಕ ಎಸ್ಮೆತ್-ಅಖೋಮ್ ತನ್ನ, ತನ್ನ ತಂದೆಯ ಹೆಸರು ಹೇಳಿ, ಇದು ಎಂದೆಂದಿಗೂ ಇರಲಿ ಎಂದು ಬರೆದಿದ್ದಾನೆ. ತಾರೀಖು ಕ್ರಿ.ಶ. 394ರ ಆಗಸ್ಟ್ 24ಕ್ಕೆ ಸರಿಹೊಂದುತ್ತದೆ. ನಮಗೆ ತಿಳಿದಿರುವಂತೆ ಈಜಿಪ್ಟಿನ ಚಿತ್ರಲಿಪಿಯಲ್ಲಿ ಬರೆದ ಕೊನೆಯ ತಾರೀಖುಳ್ಳ ಬರಹ ಇದೇ. ಮೂರು ಸಾವಿರ ವರ್ಷಕ್ಕೂ ಮೀರಿ ಬಳಕೆಯಲ್ಲಿದ್ದ ಲಿಪಿ. ಇವನಾದ ಮೇಲೆ ಓದಲು ಬಲ್ಲವರು ಇಲ್ಲವಾಗಿ, ಶಾಂಪೋಲಿಯೊನ್ ಬರುವವರೆಗೆ ಸಾವಿರದ ನಾನೂರು ವರ್ಷ ಮೌನ.

ಆತ ಬರೆದ ಕಾಲವನ್ನು ನೆನಪಿಡಿ. ಕೇವಲ ಎರಡು ಮೂರು ವರ್ಷದ ಹಿಂದೆ, 391-92ರಲ್ಲಿ, ಚಕ್ರವರ್ತಿ ಥಿಯೊಡೋಸಿಯಸ್ ಇಡೀ ರೋಮನ್ ಸಾಮ್ರಾಜ್ಯದಲ್ಲಿ ಹಳೆಯ ದೇವರ ಪೂಜೆಯನ್ನು ನಿಷೇಧಿಸಿದ್ದ. ಆಗಲೇ ಫಿಲೇ ದ್ವೀಪದಲ್ಲಿ ಕ್ರೈಸ್ತ ಬಿಷಪ್ ಕೂಡ ಇದ್ದ. ಆದರೂ ಐಸಿಸ್ ಗುಡಿ ಮುಚ್ಚಲಿಲ್ಲ. ಕಾರಣ ಗಡಿ. 298ರಲ್ಲಿ ಡಯೊಕ್ಲಿಶಿಯನ್ ರೋಮನ್ ಸೇನೆಯನ್ನು ನ್ಯೂಬಿಯಾದಿಂದ ಹಿಂದಕ್ಕೆ ಕರೆಸಿ ಫಿಲೇಯನ್ನೇ ಗಡಿಯಾಗಿಸಿದ್ದ. ಆಚೆಯ ಬ್ಲೆಮ್ಯೆ ಮತ್ತು ನೋಬಾಡೆ ಬುಡಕಟ್ಟುಗಳು ಐಸಿಸ್‌ಗೆ ನಡೆದುಕೊಳ್ಳುವವರು. ಗುಡಿ ಮುಚ್ಚಿದರೆ ಅವರು ದಂಡೆತ್ತಿ ಬರುತ್ತಾರೆ. 5ನೇ ಶತಮಾನದ ನಡುವಿನಲ್ಲಿ ಮ್ಯಾಕ್ಸಿಮಿನಸ್ ಎಂಬ ರೋಮನ್ ಸೇನಾನಿ ಅವರೊಂದಿಗೆ ಒಪ್ಪಂದವನ್ನೇ ಮಾಡಿಕೊಂಡ: ಅವರು ಫಿಲೇಗೆ ಬಂದು ಪೂಜೆ ಮಾಡಬಹುದು, ದೇವಿಯ ಮೂರ್ತಿಯನ್ನು ದೋಣಿಯಲ್ಲಿ ತಮ್ಮ ನಾಡಿಗೆ ಒಯ್ದು, ಹರಕೆ ತೀರಿಸಿ, ವಾಪಸು ತಂದಿಡಬಹುದು. ಕ್ರೈಸ್ತ ಸಾಮ್ರಾಜ್ಯ ಹಳೆಯ ದೇವಿಯ ಜಾತ್ರೆಗೆ ಸಹಿ ಹಾಕಿತ್ತು!

ಆ ಯಾತ್ರಿಕರ ಗುರುತುಗಳು ಎಲ್ಲೆಡೆ ಇವೆ. ಇಂಥವನು ಬಂದೆ, ಮನೆಯವರೆಲ್ಲರ ಪರವಾಗಿ ದೇವಿಗೆ ನಮಿಸಿದೆ ಎಂಬ ಗ್ರೀಕ್ ಬರಹಗಳು. ಡೆಮೋಟಿಕ್ ಎಂಬ ಓಡುಬರಹದ ಸಾಲುಗಳು. ದಕ್ಷಿಣದ ಮೆರೋಯೆ ರಾಜ್ಯದವರ ಲಿಪಿ. ಆ ರಾಜ್ಯದ ರಾಯಭಾರಿಯೊಬ್ಬ 253ರಲ್ಲಿ ತನ್ನ ರಾಜನ ಪರವಾಗಿ ಕಾಣಿಕೆ ತಂದು ಹಬ್ಬ ಮಾಡಿಸಿದ್ದನ್ನು ಉದ್ದಕ್ಕೆ ಬರೆಸಿದ್ದಾನೆ. ಕೆಲವರು ಪಾದವನ್ನು ಕಲ್ಲಿನ ಮೇಲಿಟ್ಟು ಸುತ್ತ ಗೆರೆ ಎಳೆದು ಕೊರೆದಿದ್ದಾರೆ, ಬೆರಳುಗಳ ಸಮೇತ: ದೇವಿಯ ಮುಂದೆ ನನ್ನ ಪಾದ ಸದಾ ಇಲ್ಲೇ ನಿಂತಿರಲಿ ಎಂದು. ಇವು ಕಾಣಬೇಕಾದರೆ ಬೆಳಗಿನ ಓರೆ ಬಿಸಿಲು ಬೇಕು. ನಡು ಮಧ್ಯಾಹ್ನದಲ್ಲಿ ಗೋಡೆ ಬರೀ ಗೋಡೆ.

ಕೊನೆಯ ಡೆಮೋಟಿಕ್ ಬರಹ 452ರ ಡಿಸೆಂಬರಿನದು. ಗ್ರೀಕ್ ಬರಹಗಳು ಇನ್ನು ಕೆಲವೇ ವರ್ಷ ಮುಂದುವರಿದು ನಿಲ್ಲುತ್ತವೆ. 5ನೇ ಶತಮಾನದ ಈ ಬರಹಗಳಲ್ಲಿ ಒಂದೇ ಮನೆತನದ ಅರ್ಚಕರ ಹೆಸರು ಮತ್ತೆ ಮತ್ತೆ ಬರುತ್ತದೆ. ಇತಿಹಾಸಕಾರ ಪ್ರೊಕೋಪಿಯಸ್ ಪ್ರಕಾರ ಚಕ್ರವರ್ತಿ ಜಸ್ಟಿನಿಯನ್ ಸುಮಾರು 535-537ರಲ್ಲಿ ಸೇನಾಧಿಪತಿ ನಾರ್ಸೆಸ್‌ನಿಂದ ಗುಡಿ ಮುಚ್ಚಿಸಿ, ಅರ್ಚಕರನ್ನು ಬಂಧಿಸಿ, ಮೂರ್ತಿಗಳನ್ನು ಕಾನ್‌ಸ್ಟಾಂಟಿನೋಪಲ್‌ಗೆ ಸಾಗಿಸಿದ. ಬಹಳ ಪುಸ್ತಕಗಳು ಇದನ್ನೇ ‘ಈಜಿಪ್ಟ್ ಧರ್ಮದ ಅಂತ್ಯ’ ಎಂದು ನಾಟಕೀಯವಾಗಿ ಹೇಳುತ್ತವೆ. ಇತ್ತೀಚಿನ ವಿದ್ವಾಂಸರ ಮಾತು ಬೇರೆ, ನನಗೂ ಅದೇ ಸರಿ ಕಾಣುತ್ತದೆ. ಕೊನೆಯ ಬರಹಕ್ಕೂ ಈ ಆಜ್ಞೆಗೂ ನಡುವೆ ಸುಮಾರು 80 ವರ್ಷದ ಖಾಲಿ. ಯಾತ್ರಿಕರಿಲ್ಲ, ಹೊಸ ಅರ್ಚಕರಿಲ್ಲ, ದತ್ತಿಯ ಹಣವಂತೂ ಎಂದೋ ನಿಂತಿತ್ತು. ಒಂದು ಮನೆಯವರು ಉಳಿಸಿಕೊಂಡು ಬಂದ ಪೂಜೆ ಆ ಮನೆಯ ಜೊತೆಗೇ ತೀರಿರಬೇಕು. ಜಸ್ಟಿನಿಯನ್ ಮುಚ್ಚಿಸಿದ್ದು ಆಗಲೇ ಬಹುಮಟ್ಟಿಗೆ ಬರಿದಾಗಿದ್ದ ಗುಡಿಯನ್ನು.

ಅದರ ನಂತರ ಬಿಷಪ್ ಥಿಯೊಡೋರ್ ಹತ್ತು ಕಂಬಗಳ ಮೊಗಸಾಲೆಯನ್ನು ಸಂತ ಸ್ಟೀಫನ್ನನ ಚರ್ಚನ್ನಾಗಿ ಮಾಡಿದ. ಕಂಬಗಳ ಮೇಲೆ ಕೊರೆದ ಶಿಲುಬೆಗಳು, ಶಿಲುಬೆ ಗೆದ್ದಿತು ಎಂಬ ಗ್ರೀಕ್ ಬರಹ ಇಂದಿಗೂ ಇವೆ. ಎಷ್ಟೋ ದೇವತೆಗಳ ಮುಖ, ಕೈಕಾಲುಗಳನ್ನು ಸಾಲು ಸಾಲು ಉಳಿಯೇಟಿನಿಂದ ಅಳಿಸಿದ್ದಾರೆ. ರೋಷದಿಂದ ಒಡೆದದ್ದಲ್ಲ, ಆಕೃತಿಯ ಅಂಚು ಮೀರದಂತೆ ತಾಳ್ಮೆಯಿಂದ ಕೆತ್ತಿ ತೆಗೆದದ್ದು. ಹಿಂದಿನ ಗೆರೆ ಹಾಗೇ ಉಳಿದು, ಅಳಿಸಿದ ದೇವರು ಯಾರೆಂದು ಇನ್ನೂ ಗುರುತಿಸಬಹುದು.

ಇಷ್ಟೆಲ್ಲ ಆದ ಮೇಲೆ ಅಮ್ಮನಿಗೆ ದಣಿವಾದರೆ ಹಾತೋರ್ ದೇವಿಯ ಚಿಕ್ಕ ಗುಡಿಯಲ್ಲಿ ಕೂರಿಸಿ. ಕುಳ್ಳ ದೇವರು ಬೆಸ್ ವೀಣೆಯಂಥ ಹಾರ್ಪ್ ನುಡಿಸುತ್ತಾನೆ, ಕೋತಿಯೊಂದು ತಂತಿವಾದ್ಯ ಹಿಡಿದಿದೆ. ಇಡೀ ದ್ವೀಪದಲ್ಲಿ ನಗು ಬರಿಸುವ ಮೂಲೆ ಇದೊಂದೇ.

ಇನ್ನು ಹೋಗುವ ವ್ಯವಸ್ಥೆ. ಅಬು ಸಿಂಬೆಲ್ ಅಸ್ವಾನ್‌ನಿಂದ ಸುಮಾರು 280 ಕಿ.ಮೀ.; ಹೋಗಿ ಬರುವುದಕ್ಕೇ ಆರೇಳು ಗಂಟೆ ಬೇಕು, ನಸುಕಿನ ನಾಲ್ಕಕ್ಕೆ ಹೊರಡಿಸುತ್ತಾರೆ. ಎರಡನ್ನೂ ಒಂದೇ ದಿನ ಮಾಡಿಸುತ್ತೇವೆ ಎನ್ನುವ ಏಜೆಂಟರಿದ್ದಾರೆ, ಆದರೆ ವಯಸ್ಸಾದವರನ್ನು ಕರೆದುಕೊಂಡು ಹಾಗೆ ಮಾಡಬೇಡಿ. ಫಿಲೇಯನ್ನು ಬೆಳಗ್ಗೆ ತೆರೆದ ಕೂಡಲೇ ನೋಡಿ, ಕ್ರೂಸ್ ಹಡಗುಗಳ ಗುಂಪು ಬರುವಷ್ಟರಲ್ಲಿ ನೀವು ಅರ್ಧ ಮುಗಿಸಿರುತ್ತೀರಿ. ಮಧ್ಯಾಹ್ನ ವಿಶ್ರಾಂತಿ, ಸಂಜೆ ಅಸ್ವಾನಿನ ನ್ಯೂಬಿಯಾ ಮ್ಯೂಸಿಯಂ. ಮುಳುಗಿದ ಊರುಗಳ ಕಥೆ ಅಲ್ಲಿದೆ. ರಾತ್ರಿಯ ಧ್ವನಿ-ಬೆಳಕು ಪ್ರದರ್ಶನ ಚೆಂದವೇ, ಆದರೆ ಅದನ್ನು ನೋಡಿದರೆ ಫಿಲೇ ನೋಡಿದಂತಲ್ಲ. ಒಂದು ಗೀರೂ ಕಾಣುವುದಿಲ್ಲ.

ದೋಣಿ ಸಿಗುವುದು ಶೆಲ್ಲಾಲ್ ಕಟ್ಟೆಯಲ್ಲಿ. ದೇವಾಲಯದ ಟಿಕೆಟ್ ಬೇರೆ, ದೋಣಿಯ ಬಾಡಿಗೆ ಬೇರೆ. ಟಿಕೆಟ್ ಕಿಟಕಿಗೆ ಕಾರ್ಡ್, ದೋಣಿಗೆ ಚಿಲ್ಲರೆ ನೋಟು ಇಟ್ಟುಕೊಳ್ಳಿ. ಬಾಡಿಗೆ ತಲೆಗೆಷ್ಟೋ ದೋಣಿಗೆಷ್ಟೋ, ಕಾಯುವುದೂ ವಾಪಸು ತರುವುದೂ ಸೇರಿದೆಯೋ ಎಂಬುದನ್ನು ಹತ್ತುವ ಮೊದಲೇ ಮಾತಾಡಿ ಗಟ್ಟಿಮಾಡಿಕೊಳ್ಳಿ. ಎರಡು ಗಂಟೆ ಕಾಯಬೇಕೆಂದು ಹೇಳಿಬಿಡಿ, ಒಂದು ಗಂಟೆಗೇ ಅವಸರ ಮಾಡುವವರುಂಟು. ದೋಣಿ ಹತ್ತಿಳಿಯುವಲ್ಲಿ ಮೆಟ್ಟಿಲು ಜಾರುತ್ತದೆ, ಅಮ್ಮನ ಕೈ ಹಿಡಿಯಲು ಒಬ್ಬರು ಮುಂದೆ ಇಳಿದಿರಲಿ. ಅಂಗಳದ ಹಾಸುಗಲ್ಲುಗಳೂ ಏರುಪೇರು, ಅಡಿ ಹಿಡಿಯುವ ಬೂಟು ಹಾಕಿಸಿ. ಬಾಡಿಗೆ ಮಾತಾಡುವಾಗಲೇ ಇನ್ನೊಂದನ್ನು ಸೇರಿಸಿಕೊಳ್ಳಿ: ವಾಪಸು ಬರುವಾಗ ಹಳೆಯ ಫಿಲೇ ಇದ್ದ ಜಾಗದ ಪಕ್ಕದಿಂದ ದೋಣಿ ತಿರುಗಿಸಬೇಕೆಂದು. 1970ರ ದಶಕದಲ್ಲಿ ಹೊಡೆದ ಉಕ್ಕಿನ ಹಲಗೆಗಳ ತುದಿ ಅಲ್ಲಿ ನೀರಿನ ಮೇಲೆ ಕಾಣುತ್ತದೆ. ಆಮೇಲೆ ಕೇಳಿದರೆ ಅದಕ್ಕೆ ಬೇರೆ ಬಾಡಿಗೆ ಹೇಳುತ್ತಾರೆ.